ಜ್ವರ, ಕೆಮ್ಮು, ಭೇದಿ: ತಾಲ್ಲೂಕು ಕ್ಲಿನಿಕ್‌ನಲ್ಲಿ ಮಕ್ಕಳನ್ನು ನೋಡುವ ಬಗೆ

ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಗದ್ದೆಗಳಲ್ಲಿ ನಾಟಿ ಶುರುವಾಯಿತು ಅಂದರೆ ನಮ್ಮ ಕ್ಲಿನಿಕ್ ಬಾಗಿಲಲ್ಲಿ ಚಪ್ಪಲಿ ಜಾಸ್ತಿಯಾಗುತ್ತವೆ. ನಾನು ಮದ್ದೂರು ಕಡೆ ಮಕ್ಕಳ ವೈದ್ಯ. ಮಳೆಗಾಲದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಎಪ್ಪತ್ತು ಎಂಬತ್ತು ಮಕ್ಕಳನ್ನು ನೋಡಿರುತ್ತೇನೆ. ಬಹುಪಾಲು ಮಕ್ಕಳದ್ದು ಬರಿ ನೆಗಡಿ, ವೈರಲ್ ಜ್ವರ, ನೀರು ನೀರು ಭೇದಿ. ನಾವು ಏನೂ ಮಾಡದಿದ್ದರೂ ನಾಲ್ಕೈದು ದಿನದಲ್ಲಿ ವಾಸಿಯಾಗುವಂಥವು. ಆದರೆ ಅದೇ ಬೆಂಚಿನ ಮೇಲೆ, ಅದೇ "ಮೂರ್ ದಿನದಿಂದ ಜರ ಸಾ" ಅನ್ನುವ ಮಾತಿನ ಜೊತೆ, ನಿಜಕ್ಕೂ ಅಪಾಯದಲ್ಲಿರುವ ಒಂದು ಮಗುವೂ ಕೂತಿರುತ್ತದೆ. ಆ ಮಗುವನ್ನು ಹುಡುಕೋದು ನಮ್ಮ ಮೊದಲ ಕೆಲಸ. ಉಳಿದ ಮಕ್ಕಳಿಗೆ ಬೇಡದ ಔಷಧಿ ಕೊಡದೆ ಇರೋದು ಎರಡನೆಯ ಕೆಲಸ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಸದಾಗಿ ಬಂದ ವೈದ್ಯರು, ಸಮುದಾಯ ಆರೋಗ್ಯ ಅಧಿಕಾರಿಗಳಾದ ಸಿಎಚ್‌ಒಗಳು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಅಪ್ಪ ಅಮ್ಮಂದಿರೂ ಓದಬಹುದು, ಓದಲೇಬೇಕು. ಆದರೆ ಔಷಧಿಯ ಲೆಕ್ಕಗಳನ್ನು ವೈದ್ಯರಿಗಾಗಿ ಬರೆದಿದ್ದೇನೆ. ದಯವಿಟ್ಟು ಇದನ್ನು ನೋಡಿಕೊಂಡು ಮೆಡಿಕಲ್ ಸ್ಟೋರಿಗೆ ಹೋಗಬೇಡಿ.

ಮೇಜಿನ ಮೇಲೆ ಇರಬೇಕಾದ್ದು

ದೊಡ್ಡ ಯಂತ್ರ ಬೇಕಿಲ್ಲ. ಸರಿಯಾಗಿ ತೂಗುವ ತಕ್ಕಡಿ, ಸೆಕೆಂಡ್ ಮುಳ್ಳಿರುವ ಗಡಿಯಾರ, ಡಿಜಿಟಲ್ ಥರ್ಮಾಮೀಟರ್, ಟಾರ್ಚ್, ಮಕ್ಕಳ ಬೆರಳಿಗೆ ಹೊಂದುವ ಪಲ್ಸ್ ಆಕ್ಸಿಮೀಟರ್, ಗ್ಲುಕೋಮೀಟರ್. ಜೊತೆಗೆ ಓಆರ್‌ಎಸ್ ಪ್ಯಾಕೆಟ್, ಉಬ್ಬಸಕ್ಕೆ ಒಂದು ಸಾಲ್ಬುಟಮಾಲ್ ಇನ್‌ಹೇಲರ್, ಅದಕ್ಕೆ ಜೋಡಿಸುವ, ಮಾಸ್ಕ್ ಇರುವ ಸ್ಪೇಸರ್ ಕೊಳವೆ, ಫಿಟ್ಸ್ ನಿಲ್ಲಿಸಲು ಮೂಗಿಗೆ ಹಾಕುವ ಮಿಡಜೋಲಮ್ ಸ್ಪ್ರೇ, ಆಕ್ಸಿಜನ್. ಇವುಗಳಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಗಡಿಯಾರವನ್ನು ಆರಿಸುತ್ತೇನೆ. ಯಾಕೆ ಅಂತ ಕೆಮ್ಮಿನ ಭಾಗದಲ್ಲಿ ಹೇಳುತ್ತೇನೆ.

ಹಂತ 1: ಮುಟ್ಟುವ ಮೊದಲು ನೋಡಿ

ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲು ದಾಟುವಾಗಲೇ ಪರೀಕ್ಷೆ ಶುರುವಾಗಬೇಕು. ಸ್ಟೆತಸ್ಕೋಪ್ ಕಂಡ ಕೂಡಲೇ ಮಗು ಅಳುತ್ತದೆ. ಆಮೇಲೆ ಉಸಿರು, ನಾಡಿ, ಹೊಟ್ಟೆ ಯಾವುದೂ ಸರಿಯಾಗಿ ಸಿಗಲ್ಲ. ಅದಕ್ಕೇ ಮೊದಲ ಒಂದು ನಿಮಿಷ ತಾಯಿಯ ಹತ್ತಿರ ಮಾತಾಡುತ್ತಾ ಮಗುವನ್ನು ಸುಮ್ನೆ ನೋಡುತ್ತಾ ಇರಿ.

ನನ್ನನ್ನು ನೋಡಿ ಮುಖ ತಿರುಗಿಸಿ ಅಮ್ಮನ ಸೆರಗಿನಲ್ಲಿ ಅಡಗಿಕೊಳ್ಳುವ ಮಗುವನ್ನು ಕಂಡರೆ ನನಗೆ ಅರ್ಧ ಸಮಾಧಾನ. ಮೇಜಿನ ಮೇಲಿನ ಪೆನ್ನಿಗೆ ಕೈ ಹಾಕಿದರೆ ಇನ್ನೂ ಸಮಾಧಾನ. ಆಗ ಥರ್ಮಾಮೀಟರ್ 103 ತೋರಿಸಿದರೂ ಯೋಚನೆ ಮಾಡಲು ಸಮಯ ಇದೆ. ಅದೇ, ಹೆಗಲ ಮೇಲೆ ತಲೆ ಇಟ್ಟುಕೊಂಡು, ಕಣ್ಣು ಬಿಟ್ಟರೂ ಯಾರನ್ನೂ ನೋಡದ, ಸೂಜಿ ಕಂಡರೂ ಅಳದ ಮಗು ಬಂದರೆ ಸಾಲು ಮುರಿದು ಒಳಗೆ ಕರೆದುಕೊಳ್ಳಿ. ಜ್ವರ ನೂರೇ ಇರಲಿ. ತುಂಬಾ ಅಳುವ ಮಗುವಿಗಿಂತ ಅಳದೇ ಇರುವ ಮಗುವಿಗೆ ನಾನು ಹೆದರುತ್ತೇನೆ.

ಎರಡು ತಿಂಗಳಿಂದ ಐದು ವರ್ಷದವರೆಗಿನ ಮಗುವಿನಲ್ಲಿ ನಾಲ್ಕು ಅಪಾಯದ ಗುರುತುಗಳನ್ನು ಯಾವ ಕಾಯಿಲೆ ಇದ್ದರೂ ಕೇಳಲೇಬೇಕು:

- ಕುಡಿಯಲು, ಹಾಲು ಚೀಪಲು ಆಗುತ್ತಿಲ್ಲವೇ?
- ಹೊಟ್ಟೆಗೆ ಹೋದದ್ದೆಲ್ಲ ವಾಂತಿ ಆಗುತ್ತಿದೆಯೇ?
- ಈ ಕಾಯಿಲೆಯಲ್ಲಿ ಫಿಟ್ಸ್ ಬಂದಿದೆಯೇ?
- ಮಂಕಾಗಿದೆಯೇ, ಎಬ್ಬಿಸಿದರೂ ಏಳುತ್ತಿಲ್ಲವೇ?

ಒಂದಕ್ಕೆ ಹೌದು ಅಂದರೂ ಆ ಮಗು ಅಡ್ಮಿಟ್ ಆಗಬೇಕಾದ ಮಗು. ಇನ್ನು ಎರಡು ತಿಂಗಳೊಳಗಿನ ಕೂಸಿನ ಲೆಕ್ಕವೇ ಬೇರೆ. ಅವಕ್ಕೆ ಜ್ವರ ಬಂದರೆ, ಅಂದರೆ ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ ಮೈ ತಣ್ಣಗಾದರೆ, ಹಾಲು ಕುಡಿಯೋದು ಕಮ್ಮಿಯಾದರೆ, ಕೈಕಾಲು ಆಡಿಸೋದು ಕಮ್ಮಿಯಾದರೆ, ಸಿರಪ್ ಬರೆದು ಮನೆಗೆ ಕಳಿಸಬೇಡಿ. ದೊಡ್ಡ ಆಸ್ಪತ್ರೆಗೆ ಕಳಿಸಿ.

ಹಂತ 2: ತೂಕ ನೋಡದೆ ಪೆನ್ನು ಹಿಡಿಯಬೇಡಿ

ಮಕ್ಕಳ ಔಷಧಿಯೆಲ್ಲ ತೂಕದ ಲೆಕ್ಕದ ಮೇಲೆ. "ಒಂದು ವರ್ಷದ ಮಗು, ಅರ್ಧ ಚಮಚ" ಅನ್ನೋ ಅಂದಾಜು ಬೇಡ. ಒಂದೇ ವಯಸ್ಸಿನ ಎರಡು ಮಕ್ಕಳಲ್ಲಿ ಒಂದು ಏಳು ಕೆ.ಜಿ., ಇನ್ನೊಂದು ಹನ್ನೊಂದು ಕೆ.ಜಿ. ಇರೋದು ನಾನು ದಿನಾ ನೋಡುತ್ತೇನೆ.

ತೂಕದಿಂದ ಇನ್ನೊಂದು ಲಾಭ ಇದೆ. ತಾಯಿ ಕಾರ್ಡಿನ ಬೆಳವಣಿಗೆ ಗೆರೆಯ ಮೇಲೆ ಆ ತೂಕವನ್ನು ಗುರುತು ಮಾಡಿ. ಮಗು ಹುಟ್ಟಿದ ತೂಕದ ಎರಡರಷ್ಟು ಸುಮಾರು ಐದು ತಿಂಗಳಿಗೆ, ಮೂರರಷ್ಟು ಒಂದು ವರ್ಷಕ್ಕೆ ಆಗಬೇಕು. ಗೆರೆ ಅಡ್ಡ ಹೋಗುತ್ತಿದ್ದರೆ ಇವತ್ತಿನ ನೆಗಡಿಗಿಂತ ಅದು ದೊಡ್ಡ ವಿಷಯ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಬಂದ ಸಣ್ಣ ಭೇದಿಯೂ ಸಣ್ಣದಲ್ಲ.

ಅದೇ ಕಾರ್ಡಿನಲ್ಲಿ ಲಸಿಕೆ ನೋಡಿ. ದಡಾರ-ರುಬೆಲ್ಲಾ ಹಾಕಿದ್ದಾರಾ? ನಮ್ಮ ಜಿಲ್ಲೆಯಲ್ಲಿ ಗದ್ದೆ, ನಿಂತ ನೀರು, ಸೊಳ್ಳೆ ಎಲ್ಲಾ ಇದೆ. ಹಾಗಾಗಿ ಮೆದುಳು ಜ್ವರದ ಜೆಇ ಲಸಿಕೆ 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಆಗಿದೆಯಾ ಅಂತ ಕೇಳಿ. ಸಣ್ಣ ನೆಗಡಿ ಇದೆ ಅಂತ ಲಸಿಕೆ ಮುಂದೂಡಬೇಡಿ.

ಹಂತ 3: ಜ್ವರದ ಮಗು

ಜ್ವರ ಒಂದು ಲಕ್ಷಣ, ಅದೇ ಕಾಯಿಲೆ ಅಲ್ಲ. ಎಷ್ಟು ಡಿಗ್ರಿ ಅನ್ನೋದಕ್ಕಿಂತ ಎಷ್ಟನೇ ದಿನ ಅನ್ನೋದು ಮುಖ್ಯ. ಚೀಟಿಯ ಮೇಲೆ "ಜ್ವರ, 4ನೇ ದಿನ" ಅಂತ ದೊಡ್ಡದಾಗಿ ಬರೆಯಿರಿ. ಆಮೇಲೆ ತಲೆಯಿಂದ ಕಾಲಿನವರೆಗೆ ಬಟ್ಟೆ ಬಿಚ್ಚಿಸಿ ನೋಡಿ. ಎಳೆಕೂಸಿನ ನೆತ್ತಿ ಉಬ್ಬಿದೆಯಾ, ಕುತ್ತಿಗೆ ಬಿಗಿಯಾಗಿದೆಯಾ, ಕಿವಿ ಸೋರುತ್ತಿದೆಯಾ, ಗಂಟಲು ಹೇಗಿದೆ, ಮೈಮೇಲೆ ಗುಳ್ಳೆ ಇದೆಯಾ. ಗಂಟಲು, ಕಿವಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅವು ಅಳಿಸುವ ಪರೀಕ್ಷೆಗಳು.

ಔಷಧಿ ಪ್ಯಾರಾಸಿಟಮಾಲ್ ಒಂದೇ ಸಾಕು. ಕೆ.ಜಿ.ಗೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. 10 ಕೆ.ಜಿ. ಮಗುವಿಗೆ 150 ಮಿ.ಗ್ರಾಂ. ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಅಂಗಡಿಯಲ್ಲಿ ಸಿಗುವ ಸಿರಪ್ ಒಂದೇ ಥರ ಇರಲ್ಲ. 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರೋದು ಒಂದು, 250 ಇರೋದು ಇನ್ನೊಂದು. ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಅಂದರೆ ಆ 10 ಕೆ.ಜಿ. ಮಗುವಿಗೆ ಮೊದಲನೆಯದರಲ್ಲಿ 6 ಮಿ.ಲೀ., ಎರಡನೆಯದರಲ್ಲಿ 3, ಡ್ರಾಪ್ಸ್‌ನಲ್ಲಿ ಒಂದೂವರೆ.

ಒಮ್ಮೆ ಒಬ್ಬ ಅಜ್ಜಿ 9 ಕೆ.ಜಿ. ಮೊಮ್ಮಗಳಿಗೆ ಡ್ರಾಪ್ಸನ್ನು ಸಿರಪ್ ಅಂದುಕೊಂಡು ಚಮಚದಲ್ಲಿ ಕೊಟ್ಟಿದ್ದರು. ಒಂದು ಚಮಚ ಅಂದರೆ 500 ಮಿ.ಗ್ರಾಂ. ದೊಡ್ಡವರು ನುಂಗುವ ಮಾತ್ರೆಯಷ್ಟು. ಎರಡು ಸಲ ಕೊಟ್ಟಾಗಿತ್ತು. ಮೂರನೆಯದಕ್ಕೆ ಮೊದಲು ಬಾಟಲಿ ಸಮೇತ ನನ್ನ ಹತ್ತಿರ ಬಂದದ್ದು ನಮ್ಮ ಪುಣ್ಯ. ಅಜ್ಜಿಯದು ಏನೂ ತಪ್ಪಿಲ್ಲ. ಅವರಿಗೆ ಯಾರೂ ತೋರಿಸಿರಲಿಲ್ಲ. ಅವತ್ತಿನಿಂದ ನಾನು "ಔಷಧಿ ತಗೊಂಡು ಒಂದ್ಸಲ ಒಳಗೆ ಬನ್ನಿ" ಅಂತ ಹೇಳುತ್ತೇನೆ. ಬಾಟಲಿ ಬಿಚ್ಚಿಸಿ, ಅದರ ಜೊತೆ ಬಂದ ಅಳತೆ ಮುಚ್ಚಳದ ಮೇಲೆ ಬಾಲ್ ಪೆನ್ನಿನಿಂದ ಗೆರೆ ಎಳೆದು ಕೊಡುತ್ತೇನೆ. ಅರ್ಧ ನಿಮಿಷದ ಕೆಲಸ. ಅಡುಗೆ ಮನೆ ಚಮಚದಿಂದ ಅಳೆಯಬೇಡಿ ಅಂತಲೂ ಹೇಳಿ.

ಆ್ಯಸ್ಪಿರಿನ್ ಬೇಡ. ನಿಮೆಸುಲೈಡ್ ಖಂಡಿತ ಬೇಡ, 12 ವರ್ಷದೊಳಗಿನವರಿಗೆ ಅದನ್ನು 2011ರಲ್ಲೇ ನಿಷೇಧಿಸಲಾಗಿದೆ. ಮಳೆಗಾಲದಲ್ಲಿ ಡೆಂಗಿ ಅನುಮಾನ ಇರುವಾಗ ಐಬುಪ್ರೊಫೇನ್, ಮೆಫೆನಮಿಕ್ ಆ್ಯಸಿಡ್ ಕೂಡ ಬೇಡ. ರಕ್ತಸ್ರಾವದ ಭಯ ಇದೆ. ತಣ್ಣೀರು ಬಟ್ಟೆ ಹಾಕಿದರೆ ಮಗು ನಡುಗುತ್ತದೆ, ಜ್ವರ ಇನ್ನೂ ಏರುತ್ತದೆ. ತೆಳು ಹತ್ತಿ ಅಂಗಿ ಹಾಕಿ, ಫ್ಯಾನ್ ಹಾಕಿ. ಬೇಕಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ.

ಪರೀಕ್ಷೆಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಮೊದಲ ದಿನದ ಜ್ವರಕ್ಕೆ, ಮಗು ಆಡಿಕೊಂಡಿದ್ದರೆ, ರಕ್ತ ಪರೀಕ್ಷೆಯಿಂದ ಏನೂ ತಿಳಿಯಲ್ಲ. ಮೂರು ದಿನ ದಾಟಿದರೆ ರಕ್ತ ಕಣಗಳ ಎಣಿಕೆ ಮಾಡಿಸಿ. ನೆಗಡಿ ಕೆಮ್ಮು ಏನೂ ಇಲ್ಲದೆ ಎರಡು ವರ್ಷದೊಳಗಿನ ಮಗುವಿಗೆ, ಅದರಲ್ಲೂ ಹೆಣ್ಣು ಮಗುವಿಗೆ, ಜೋರು ಜ್ವರ ಬಂದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು ಎಷ್ಟೋ ಸಲ ಹೀಗೇ ತಪ್ಪಿಹೋಗುತ್ತದೆ. ಇನ್ನು ವಿಡಾಲ್, ಟೈಫಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ. ಎರಡನೇ ದಿನದ ಜ್ವರಕ್ಕೆ ವಿಡಾಲ್ ಮಾಡಿಸಿ "ಟೈಫಾಯ್ಡ್ ಐತಂತೆ" ಅಂತ ಚೀಟಿ ಹಿಡಿದು ಬರುವವರು ವಾರಕ್ಕೆ ನಾಲ್ಕೈದು ಜನ. ಮೊದಲ ವಾರದಲ್ಲಿ ಆ ಪರೀಕ್ಷೆಯನ್ನು ನಂಬಲು ಆಗಲ್ಲ. ಆಮೇಲೂ ಅದೊಂದನ್ನೇ ನಂಬಬಾರದು. ಟೈಫಾಯ್ಡ್ ಅನುಮಾನ ಇದ್ದರೆ ಔಷಧಿಗೆ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ.

*ಡೆಂಗಿ.* ಜೋರು ಜ್ವರ, ಮೈಕೈ ನೋವು, ಕೆಂಪೇರಿದ ಮುಖ. ಮೊದಲ ಐದು ದಿನ ಎನ್‌ಎಸ್1, ಅದಾದ ಮೇಲೆ ಐಜಿಎಂ ಪರೀಕ್ಷೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಆದರೆ ತಾಯಂದಿರಿಗೆ ಇನ್ನೂ ತಲುಪದ ಒಂದು ಮಾತಿದೆ: ಅಪಾಯ ಶುರುವಾಗೋದು ಜ್ವರ ಬಿಟ್ಟ ಮೇಲೆ. ಮೂರರಿಂದ ಏಳನೇ ದಿನದ ಮಧ್ಯೆ ಜ್ವರ ಇಳಿಯುವ ಹೊತ್ತಿಗೆ ರಕ್ತನಾಳದಿಂದ ನೀರು ಸೋರಲು ಶುರುವಾಗುತ್ತದೆ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಳು ವರ್ಷದ ಒಬ್ಬ ಹುಡುಗನ ಅಪ್ಪನಿಗೆ "ಜ್ವರ ಬಿಟ್ಟಿದೆ, ಇನ್ನು ಭಯ ಇಲ್ಲ" ಅಂತ ಹೇಳಿ ಕಳಿಸಿದೆ. ಅದೇ ರಾತ್ರಿ ವಾಪಸ್ ತಂದರು. ಹುಡುಗ ಎಚ್ಚರವಾಗೇ ಇದ್ದ, ಮಾತಾಡುತ್ತಿದ್ದ. ಆದರೆ ಅವನ ಕೈ ಹಿಡಿದರೆ ಮೊಣಕೈವರೆಗೂ ತಣ್ಣಗಿತ್ತು. ಬೆಳಿಗ್ಗೆಯಿಂದ ಮೂತ್ರ ಮಾಡಿರಲಿಲ್ಲ. ಎರಡು ದಿನ ಐಸಿಯುನಲ್ಲಿದ್ದು ಬದುಕಿದ. ಆ ತಣ್ಣನೆ ಕೈ ನನಗೆ ಇನ್ನೂ ನೆನಪಿದೆ.

ಹಾಗಾಗಿ ಜ್ವರ ಬಿಟ್ಟ ದಿನ ಮಗುವನ್ನು ಮತ್ತೆ ಕರೆಸಿ ನೋಡಿ. ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣನೆ ಕೈಕಾಲು, ಮಂಕು, ಆರು ಗಂಟೆಯಿಂದ ಮೂತ್ರ ಇಲ್ಲ, ಇವುಗಳಲ್ಲಿ ಒಂದಿದ್ದರೂ ಅಡ್ಮಿಟ್. ಬೆರಳ ತುದಿ ಅಥವಾ ಎದೆಯ ಮೂಳೆಯನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಣ್ಣ ವಾಪಸ್ ಬರಲು ಮೂರು ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ತಡ ಮಾಡಬೇಡಿ. ರಕ್ತದ ವರದಿಯಲ್ಲಿ ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ. ಅದು ಇಳಿಯುವಾಗಲೇ ಹಿಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಿದೆಯಾ ಅನ್ನೋದನ್ನು ನೋಡಿ. ಮನೆಯಲ್ಲಿರುವ ಮಗುವಿಗೆ ಎಳನೀರು, ಓಆರ್‌ಎಸ್, ಗಂಜಿ ಚೆನ್ನಾಗಿ ಕುಡಿಸಲಿ. ಪರಂಗಿ ಎಲೆ ರಸ ಹಿಂಡಿ ಕುಡಿಸೋದನ್ನು ನಾನು ಬೇಡ ಅನ್ನುತ್ತೇನೆ. ಕಹಿಗೆ ಮಗು ವಾಂತಿ ಮಾಡಿಕೊಳ್ಳುತ್ತದೆ, ಇದ್ದ ನೀರೂ ಹೋಗುತ್ತದೆ.

*ಸ್ಕ್ರಬ್ ಟೈಫಸ್.* ಮಂಡ್ಯ, ಮೈಸೂರು ಕಡೆ ಐದು ದಿನ ದಾಟಿದ ಜ್ವರದಲ್ಲಿ ಇದನ್ನು ಮರೆಯಬಾರದು. ಪೊದೆ, ಗದ್ದೆ ಬದುವಿನಲ್ಲಿರುವ ಸಣ್ಣ ನುಸಿಯ ಮರಿ ಕಚ್ಚಿ ಬರುವ ಕಾಯಿಲೆ. ಕಚ್ಚಿದ ಕಡೆ ಬೀಡಿಯಲ್ಲಿ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇರುತ್ತದೆ. ನೋವಿಲ್ಲ, ಹಾಗಾಗಿ ಯಾರೂ ಹೇಳಲ್ಲ. ಕಂಕುಳು, ತೊಡೆ ಸಂದು, ಕಿವಿಯ ಹಿಂದೆ, ತಲೆಗೂದಲ ಮಧ್ಯೆ ಹುಡುಕಿ. ಉಡಿದಾರವನ್ನು ಮೇಲೆ ಸರಿಸಿ ಅದರ ಕೆಳಗೂ ನೋಡಿ. ಹಕ್ಕಳೆ ಸಿಕ್ಕರೆ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡಿ, ಕೆ.ಜಿ.ಗೆ 2.2 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಎಂಟು ವರ್ಷದೊಳಗಿನವರಿಗೂ ಕೆಲವು ದಿನದ ಮಟ್ಟಿಗೆ ಕೊಡಬಹುದು. ಇಲ್ಲವಾದರೆ ಅಜಿಥ್ರೋಮೈಸಿನ್. ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಬಿಡುತ್ತದೆ. ಅದನ್ನು ನೋಡೋದೇ ಒಂದು ಖುಷಿ.

*ಜ್ವರದ ಫಿಟ್ಸ್.* ಆರು ತಿಂಗಳಿಂದ ಐದು ವರ್ಷದೊಳಗೆ, ಜ್ವರ ಇರುವಾಗ, ಇಡೀ ಮೈ ಅದುರಿ, 15 ನಿಮಿಷದೊಳಗೆ ತಾನೇ ನಿಂತು, 24 ಗಂಟೆಯಲ್ಲಿ ಮತ್ತೆ ಬರದಿದ್ದರೆ ಅದು ಸಾಧಾರಣ ಜ್ವರದ ಫಿಟ್ಸ್. ಮೆದುಳಿಗೆ ಹಾನಿ ಆಗಲ್ಲ. ಮನೆಯವರಿಗೆ ಮಾತ್ರ ಮಗು ಸತ್ತೇ ಹೋಯಿತು ಅನ್ನಿಸಿರುತ್ತದೆ. ಅವರನ್ನು ಕೂರಿಸಿ ಮಾತಾಡಿ. ಕೈಗೆ ಕಬ್ಬಿಣದ ಬೀಗದ ಕೀ ಹಿಡಿಸೋದು ನಮ್ಮ ಕಡೆ ಇದೆ. ಅದರಿಂದ ತೊಂದರೆ ಇಲ್ಲ, ಉಪಯೋಗವೂ ಇಲ್ಲ. ಆದರೆ ಹಲ್ಲಿನ ಮಧ್ಯೆ ಚಮಚ ತುರುಕೋದು, ಬಾಯಿಗೆ ನೀರು ಬಿಡೋದು ಪ್ರಾಣಕ್ಕೇ ಅಪಾಯ. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಮೂಗಿಗೆ ಮಿಡಜೋಲಮ್, ಕೆ.ಜಿ.ಗೆ 0.2 ಮಿ.ಗ್ರಾಂ. ಕ್ಲಿನಿಕ್‌ನಲ್ಲೇ ಫಿಟ್ಸ್ ಬಂದರೆ ಸಕ್ಕರೆ ಅಂಶ ಪರೀಕ್ಷಿಸಲು ಮರೆಯಬೇಡಿ. ಫಿಟ್ಸ್ ನಿಂತ ಮೇಲೂ ಮಗು ಮಂಕಾಗೇ ಇದ್ದರೆ, ಕುತ್ತಿಗೆ ಬಿಗಿಯಿದ್ದರೆ, ಅದು ಮೆದುಳು ಜ್ವರ ಇರಬಹುದು. ಕೂಡಲೇ ಕಳಿಸಿ.

ಹಂತ 4: ಕೆಮ್ಮು, ಉಸಿರಾಟ

ಇಲ್ಲೇ ಗಡಿಯಾರ ಬೇಕಾಗೋದು. ಸ್ಟೆತಸ್ಕೋಪ್ ಕಿವಿಗೆ ಹಾಕುವ ಮೊದಲು ಉಸಿರು ಎಣಿಸಿ. ಮಗು ಶಾಂತವಾಗಿರಬೇಕು. ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಣ್ಣ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ, ಅವು ಒಂದೇ ಸಮ ಉಸಿರಾಡಲ್ಲ.

- ಎರಡು ತಿಂಗಳೊಳಗೆ: 60 ಅಥವಾ ಹೆಚ್ಚು
- 2ರಿಂದ 12 ತಿಂಗಳು: 50 ಅಥವಾ ಹೆಚ್ಚು
- ಒಂದರಿಂದ ಐದು ವರ್ಷ: 40 ಅಥವಾ ಹೆಚ್ಚು

ಇಷ್ಟಿದ್ದರೆ ಅದು ವೇಗದ ಉಸಿರಾಟ. ಎದೆಯ ಶಬ್ದ ಚೆನ್ನಾಗೇ ಇದ್ದರೂ ನ್ಯುಮೋನಿಯಾ ಇರಬಹುದು.

ಹೋದ ಚಳಿಗಾಲದಲ್ಲಿ ಒಬ್ಬ ಅಜ್ಜಿ ಎಂಟು ತಿಂಗಳ ಮೊಮ್ಮಗನನ್ನು ತಂದರು. ಎರಡು ಅಂಗಿ, ಮೇಲೊಂದು ಸ್ವೆಟರ್, ಟೋಪಿ, ಅದರ ಮೇಲೆ ಟವೆಲ್. ಮಗು ಮಡಿಲಲ್ಲಿ ನಿದ್ದೆ ಹೋಗಿತ್ತು. "ಬಿಚ್ಚಬ್ಯಾಡಿ ಸಾ, ಶೀತ ಆಯ್ತದೆ" ಅಂದರು. "ಒಂದೇ ನಿಮಿಷ ಅಜ್ಜಿ, ಫ್ಯಾನ್ ಆರಿಸ್ತೀನಿ" ಅಂತ ಹೇಳಿ ಒಂದೊಂದೇ ಬಟ್ಟೆ ಮೇಲೆ ಸರಿಸಿದೆ. ಪಕ್ಕೆಲುಬಿನ ಕೆಳಗಿನ ಜಾಗ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿತ್ತು, ಯಾರೋ ಒಳಗಿಂದ ದಾರ ಕಟ್ಟಿ ಎಳೆದ ಹಾಗೆ. ಮೂಗಿನ ಹೊಳ್ಳೆ ಅರಳುತ್ತಿತ್ತು. ಎಣಿಸಿದೆ, 62. ಆಕ್ಸಿಜನ್ 89. ಸ್ವೆಟರ್ ಮೇಲಿಂದಲೇ ಸ್ಟೆತಸ್ಕೋಪ್ ಇಟ್ಟಿದ್ದರೆ ಇದ್ಯಾವುದೂ ಕಾಣುತ್ತಿರಲಿಲ್ಲ. ಆಕ್ಸಿಜನ್ ಹಾಕಿ, ಮೊದಲ ಡೋಸ್ ಇಂಜೆಕ್ಷನ್ ಕೊಟ್ಟು ಮಂಡ್ಯಕ್ಕೆ ಕಳಿಸಿದೆವು. ಏಳನೇ ದಿನ ಅಜ್ಜಿ ನಗುನಗುತ್ತಾ ಬಂದರು.

ಎರಡು ತಿಂಗಳು ದಾಟಿದ ಮಗುವಿಗೆ ಎದೆ ಒಳಗೆ ಸೆಳೆಯದೆ, ಅಪಾಯದ ಗುರುತಿಲ್ಲದೆ, ಬರಿ ವೇಗದ ಉಸಿರಾಟ ಇದ್ದರೆ ಮನೆಯಲ್ಲೇ ಚಿಕಿತ್ಸೆ: ಅಮಾಕ್ಸಿಸಿಲಿನ್, ಪ್ರತಿ ಡೋಸ್ ಕೆ.ಜಿ.ಗೆ 40 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ. ಎರಡು ದಿನ ಬಿಟ್ಟು ಮತ್ತೆ ಎಣಿಸಿ. ಪುಡಿ ರೂಪದ ಸಿರಪ್ ಆದರೆ ನೀರು ಬೆರೆಸೋದನ್ನೂ ಹೇಳಿಕೊಡಿ. ಕುದಿಸಿ ಆರಿಸಿದ ನೀರು, ಬಾಟಲಿಯ ಗುರುತಿನವರೆಗೆ ಮಾತ್ರ, ಪ್ರತಿ ಸಲವೂ ಅಲ್ಲಾಡಿಸಿ ಕೊಡಬೇಕು. ಉಳಿದದ್ದನ್ನು ಮುಂದಿನ ಜ್ವರಕ್ಕೆ ಎತ್ತಿಡಬಾರದು.

ಉಸಿರು ಬಿಡುವಾಗ ಸುಂಯ್ ಅನ್ನುವ ಶಬ್ದ ಬಂದರೆ ದಾರಿ ಬೇರೆ. ಎರಡು ವರ್ಷದೊಳಗಿನ ಮಗುವಿಗೆ ಮೊದಲ ಸಲ, ನೆಗಡಿಯ ಬೆನ್ನಿಗೇ ಬಂದರೆ ಸಾಮಾನ್ಯವಾಗಿ ಬ್ರಾಂಕಿಯೊಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ಗಾಳಿ ಕೊಳವೆಗಳ ಊತ. ವೈರಸ್‌ನಿಂದ ಬರೋದು. ಮೂರರಿಂದ ಐದನೇ ದಿನ ಜೋರಾಗಿರುತ್ತದೆ. ಆ್ಯಂಟಿಬಯಾಟಿಕ್ ಬೇಡ. ಮೂಗು ಸ್ವಚ್ಛ ಮಾಡಿ, ಸ್ವಲ್ಪ ಸ್ವಲ್ಪವೇ ಹಾಲು ಕುಡಿಸಿ, ಆಕ್ಸಿಜನ್ ಮೇಲೆ ಕಣ್ಣಿಡಿ. ಮತ್ತೆ ಮತ್ತೆ ಬರುತ್ತಿದ್ದರೆ ಆಸ್ತಮಾ ಬಗ್ಗೆ ಯೋಚಿಸಿ. ನಮ್ಮ ಕಡೆ ಒಂದು ಪ್ರಶ್ನೆ ತಪ್ಪದೇ ಕೇಳಬೇಕು: ಮನೆ ಆಲೆಮನೆ ಪಕ್ಕದಲ್ಲಿದೆಯಾ? ಕಬ್ಬಿನ ತರಗು ಸುಡುವ ಕಾಲವಾ? ಆ ಹೊಗೆಗೆ ಉಬ್ಬಸ ಏಳುವ ಮಕ್ಕಳು ಬೇಕಾದಷ್ಟಿದ್ದಾರೆ. ಆಸ್ತಮಾಗೆ ಸಿರಪ್‌ಗಿಂತ ಸ್ಪೇಸರ್ ಮೂಲಕ ಇನ್‌ಹೇಲರ್ ಒಳ್ಳೆಯದು. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಪ್ರಮಾಣವೂ ಕಡಿಮೆ. "ಇನ್‌ಹೇಲರ್ ಅಭ್ಯಾಸ ಆಗೋಗುತ್ತೆ" ಅಂತ ಅಪ್ಪ ಅಮ್ಮ ಹೆದರುತ್ತಾರೆ. ಆಗಲ್ಲ ಅಂತ ತಾಳ್ಮೆಯಿಂದ ಹೇಳಿ, ಎದುರಿಗೇ ಒಮ್ಮೆ ಮಾಡಿಸಿ ಕಳಿಸಿ.

ಚೆನ್ನಾಗಿ ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಕೆಮ್ಮು ಶುರುವಾಯಿತಾ? ಬಾಯಲ್ಲಿ ಕಡಲೆಕಾಯಿ ಬೀಜ, ಅವರೆಕಾಳು ಇತ್ತಾ ಅಂತ ಕೇಳಿ. ಎದೆಯ ಒಂದು ಪಕ್ಕ ಗಾಳಿ ಕಡಿಮೆ ಕೇಳಿಸಿದರೆ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ವ್ಯವಸ್ಥೆ) ಇರುವ ಕಡೆಗೆ ಕಳಿಸಿ. ಎಕ್ಸ್‌ರೇಯಲ್ಲಿ ಕಡಲೆಕಾಯಿ ಕಾಣಲ್ಲ, ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ಮನಾಗಬೇಡಿ. ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಯುತ್ತಿದೆ, ಮನೆಯಲ್ಲಿ ಯಾರಿಗೋ ಕ್ಷಯ ಇದೆ ಅಂದರೆ ಟಿಬಿ ಪರೀಕ್ಷೆ. ಐದು ವರ್ಷ ದಾಟಿದ ಮಗುವಿಗೆ ಕೆಮ್ಮಿಲ್ಲದೆ ಗಂಟಲು ನೋವು, ಟಾನ್ಸಿಲ್ ಮೇಲೆ ಬಿಳಿ ಕಲೆ, ಕುತ್ತಿಗೆಯಲ್ಲಿ ನೋಯುವ ಗಂಟು ಇದ್ದರೆ ಅಮಾಕ್ಸಿಸಿಲಿನ್ ಹತ್ತು ದಿನ ಪೂರ್ತಿ ಕೊಡಿ. ಇಲ್ಲಿ ಮಾತ್ರ ಬೇಗ ನಿಲ್ಲಿಸಬೇಡಿ, ಈ ಗಂಟಲು ಸೋಂಕಿನ ಬೆನ್ನಿಗೆ ಬರಬಹುದಾದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಉಳಿಸುವ ಪ್ರಶ್ನೆ ಅದು.

ಉಳಿದ ಕೆಮ್ಮು ನೆಗಡಿಗೆಲ್ಲ ಸಿರಪ್ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲಿನ್ ಗ್ಲೈಕಾಲ್ ಅನ್ನುವ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಹಾಳಾಗಿ ಸತ್ತರು. ಎರಡು ವರ್ಷದೊಳಗೆ ಇಂಥ ಸಿರಪ್ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ. ಕಲಬೆರಕೆ ಇಲ್ಲದಿದ್ದರೂ ಅವುಗಳಿಂದ ಕೆಮ್ಮು ಬೇಗ ಹೋಗಲ್ಲ. ಒಂದು ವರ್ಷ ದಾಟಿದ ಮಗುವಿಗೆ ಮಲಗುವಾಗ ಅರ್ಧ ಚಮಚ ಜೇನುತುಪ್ಪ ಸಾಕು. ವರ್ಷದೊಳಗೆ ಜೇನು ಬೇಡ. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಹಾಕಿ. ಕಿವಿ, ಮೂಗಿಗೆ ಕಾಯಿಸಿದ ಎಣ್ಣೆ ಬಿಡೋದನ್ನು ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಂತ 5: ವಾಂತಿ, ಭೇದಿ

ಭೇದಿಯಲ್ಲಿ ಎಷ್ಟು ಸಲ ಹೋಯಿತು ಅನ್ನೋದನ್ನು ಎಲ್ಲರೂ ಎಣಿಸುತ್ತಾರೆ. ನಾವು ನೋಡಬೇಕಾದ್ದು ಎಷ್ಟು ನೀರು ಕಳೆದುಕೊಂಡಿದೆ ಅಂತ. ಹೊಕ್ಕುಳ ಪಕ್ಕದ ಚರ್ಮ ಚಿವುಟಿ ಬಿಡಿ. ಕಣ್ಣು ಗುಳಿಬಿದ್ದಿದೆಯಾ ಅಂತ ತಾಯಿಯನ್ನೇ ಕೇಳಿ, ಮಗುವಿನ ಮುಖ ಅವಳಿಗೆ ಗೊತ್ತು. ಒಂದು ಲೋಟ ಓಆರ್‌ಎಸ್ ಕೊಟ್ಟು ನೋಡಿ. ಕಿರಿಕಿರಿ ಮಾಡುತ್ತಾ, ಲೋಟ ಬಿಡದೆ ಆಸೆಯಿಂದ ಕುಡಿದರೆ, ಚರ್ಮ ನಿಧಾನ ವಾಪಸ್ ಹೋದರೆ ಮಧ್ಯಮ ನಿರ್ಜಲತೆ. ಮಂಕಾಗಿ, ಕುಡಿಯಲೂ ಆಗದೆ, ಚರ್ಮ ಎರಡು ಸೆಕೆಂಡ್ ಆದರೂ ಮಡಿಕೆಯಾಗೇ ನಿಂತಿದ್ದರೆ ತೀವ್ರ.

ಮಧ್ಯಮ ಆದರೆ ಕ್ಲಿನಿಕ್‌ನಲ್ಲೇ ಕೂರಿಸಿ, ಕೆ.ಜಿ.ಗೆ 75 ಮಿ.ಲೀ. ಓಆರ್‌ಎಸ್ ನಾಲ್ಕು ಗಂಟೆಯಲ್ಲಿ. ಆಮೇಲೆ ಮತ್ತೆ ನೋಡಿ. ತೀವ್ರ ಆದರೆ ಡ್ರಿಪ್. ರಿಂಗರ್ ಲ್ಯಾಕ್ಟೇಟ್ ಕೆ.ಜಿ.ಗೆ 100 ಮಿ.ಲೀ.: ವರ್ಷದೊಳಗಿನವರಿಗೆ ಮೊದಲ 30 ಒಂದು ಗಂಟೆಯಲ್ಲಿ, ಉಳಿದ 70 ಐದು ಗಂಟೆಯಲ್ಲಿ. ವರ್ಷ ದಾಟಿದವರಿಗೆ ಅರ್ಧ ಗಂಟೆ, ಎರಡೂವರೆ ಗಂಟೆ. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ಈ ಲೆಕ್ಕ ಹೊಂದಲ್ಲ, ಅದನ್ನು ಕಳಿಸಿ. ನಿರ್ಜಲತೆ ಇಲ್ಲದ ಮಗು ಮನೆಗೆ ಹೋಗಬಹುದು. ಓಆರ್‌ಎಸ್ ಪ್ರತಿ ಭೇದಿಗೂ ಎರಡು ವರ್ಷದೊಳಗೆ 50ರಿಂದ 100 ಮಿ.ಲೀ., ಮೇಲ್ಪಟ್ಟವರಿಗೆ 100ರಿಂದ 200.

"ಓಆರ್‌ಎಸ್ ಕೊಡಿ" ಅಂತ ಬರೆದರೆ ಕೆಲಸ ಮುಗಿಯಲ್ಲ. ಹೇಗೆ ಕಲಸ್ತೀರ ಅಂತ ಕೇಳಿ. "ಒಂದು ಲೋಟಕ್ಕೆ ಒಂದು ಚಿಟಿಕೆ" ಅನ್ನುವವರೂ ಇದ್ದಾರೆ, ಒಂದೇ ಲೋಟಕ್ಕೆ ಇಡೀ ಪ್ಯಾಕೆಟ್ ಹಾಕುವವರೂ ಇದ್ದಾರೆ. ಎರಡೂ ಕೆಟ್ಟದ್ದು. ಎರಡನೆಯದರಿಂದ ಭೇದಿ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಉಪ್ಪೇರುತ್ತದೆ. ಒಂದು ಲೀಟರಿನ ನೀರಿನ ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ತುಂಬ ಕುದಿಸಿ ಆರಿಸಿದ ನೀರು, ಇಡೀ ದೊಡ್ಡ ಪ್ಯಾಕೆಟ್, 24 ಗಂಟೆ ಆದ ಮೇಲೆ ಚೆಲ್ಲಿಬಿಡಿ. ಸಣ್ಣ ಪ್ಯಾಕೆಟ್ ಆದರೆ 200 ಮಿ.ಲೀ.ಗೆ. ವಾಂತಿ ಮಾಡುತ್ತಿದ್ದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದ ಹಾಗೆ. ಅಂಗಡಿಯ ರಟ್ಟಿನ ಡಬ್ಬದಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅದರ ಮೇಲೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿತು.

ಈ ಪುಡಿಯನ್ನು ಯಾರೂ ಕೀಳಾಗಿ ನೋಡಬೇಡಿ. 1971ರಲ್ಲಿ ಪಶ್ಚಿಮ ಬಂಗಾಳದಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಖಾಲಿಯಾದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿಟ್ಟು ಮನೆಯವರ ಕೈಯಿಂದಲೇ ಕುಡಿಸಿ ಸಾವಿರಾರು ಜೀವ ಉಳಿಸಿದರು.

ಓಆರ್‌ಎಸ್ ಜೊತೆ ಜಿಂಕ್ 14 ದಿನ. ಆರು ತಿಂಗಳ ಮೇಲೆ ದಿನಕ್ಕೆ 20 ಮಿ.ಗ್ರಾಂ, 2ರಿಂದ 6 ತಿಂಗಳಿಗೆ 10. ಭೇದಿ ನಿಂತರೂ ಮುಂದುವರಿಸಲಿ. ಎದೆಹಾಲು ನಿಲ್ಲಿಸಬೇಡಿ. ರಾಗಿ ಸರಿ, ಮೆತ್ತನೆ ಅನ್ನಕ್ಕೆ ಬೇಳೆ ಕಟ್ಟು, ಮೊಸರು, ಬಾಳೆಹಣ್ಣು ಎಲ್ಲಾ ಕೊಡಬಹುದು. ಉಪವಾಸ ಹಾಕೋದು ಬೇಡ. ನೀರು ಭೇದಿಗೆ ಆ್ಯಂಟಿಬಯಾಟಿಕ್ ಬೇಡ, ಭೇದಿ ಕಟ್ಟುವ ಲೋಪೆರಮೈಡ್ ಬೇಡವೇ ಬೇಡ. ಮಲದಲ್ಲಿ ರಕ್ತ ಇದ್ದರೆ ಮಾತ್ರ ಆ್ಯಂಟಿಬಯಾಟಿಕ್.

ಎರಡು ವಿಷಯದಲ್ಲಿ ಮೋಸ ಹೋಗಬೇಡಿ. ವರ್ಷದೊಳಗಿನ ಮಗು ಬಿಟ್ಟು ಬಿಟ್ಟು ಕಿರುಚಿ, ಕಾಲು ಮಡಚಿಕೊಂಡು ಅತ್ತು, ಮಧ್ಯೆ ಬಿಳಿಚಿಕೊಂಡು ಸುಮ್ಮನಾಗಿ, ಆಮೇಲೆ ರಕ್ತ ಲೋಳೆ ಹೋದರೆ ಅದು ಆಮಶಂಕೆ ಅಲ್ಲದಿರಬಹುದು. ಕರುಳೊಳಗೆ ಕರುಳು ಸೇರಿರಬಹುದು. ಹಸಿರು ಬಣ್ಣದ ವಾಂತಿಯಾದರೂ ಅಷ್ಟೇ. ಇವೆರಡೂ ಸರ್ಜನ್ ನೋಡಬೇಕಾದ ಮಕ್ಕಳು, ಅದೇ ದಿನ.

ಹಂತ 6: ಬಾಗಿಲ ಬಳಿಯ ಮಾತು

ಚೀಟಿ ಕೊಟ್ಟ ಮೇಲೆ ತಾಯಿಯನ್ನು ಅರ್ಧ ನಿಮಿಷ ನಿಲ್ಲಿಸಿ. "ಹಾಲು ಕುಡಿಯೋದು ಬಿಟ್ರೆ, ಉಸಿರು ಜೋರಾದ್ರೆ, ಮಂಕಾದ್ರೆ, ಮಲದಲ್ಲಿ ರಕ್ತ ಬಂದ್ರೆ ರಾತ್ರಿ ಅಂತ ನೋಡಬೇಡಮ್ಮ, ಬಂದ್ಬಿಡು. ಇಲ್ಲಾಂದ್ರೆ ಎರಡು ದಿನ ಬಿಟ್ಟು ಬಾ." ಆಮೇಲೆ "ಯಾವಾಗ ಬರ್ತೀಯ, ಹೇಳು" ಅಂತ ಅವಳ ಬಾಯಿಂದಲೇ ಹೇಳಿಸಿ. ತಲೆಯಾಡಿಸಿದರೆ ಅರ್ಥವಾಗಿದೆ ಅಂತ ಅಲ್ಲ. ಮನೆಯಲ್ಲಿ ಅತ್ತೆಯ ಮಾತು ನಡೆಯುವುದಾದರೆ ಅತ್ತೆಯನ್ನೂ ಒಳಗೆ ಕರೆದು ಹೇಳಿ. ದೃಷ್ಟಿ ತೆಗೆಯಲಿ, ಬೇವಿನ ಸೊಪ್ಪು ಇಡಲಿ, ಅದಕ್ಕೆ ನಾನು ಅಡ್ಡ ಬರಲ್ಲ. ಬರೆ ಹಾಕೋದಕ್ಕೆ ಮಾತ್ರ ಗಟ್ಟಿಯಾಗಿ ಬೇಡ ಅನ್ನುತ್ತೇನೆ.

ಹಂತ 7: ಕಳಿಸಬೇಕಾದಾಗ

ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕಳಿಸುವ ಮೊದಲು ನಾವೇ ಮಾಡಬಹುದಾದ್ದು ಇದೆ. ಆ್ಯಂಟಿಬಯಾಟಿಕ್ ಬೇಕಿದ್ದರೆ ಮೊದಲ ಡೋಸ್ ಇಲ್ಲೇ ಕೊಡಿ. ಸಕ್ಕರೆ ಕಡಿಮೆಯಾಗದಂತೆ ಎದೆಹಾಲು ಕುಡಿಸಿ. ಅದು ಆಗದಿದ್ದರೆ 200 ಮಿ.ಲೀ. ನೀರಿಗೆ ನಾಲ್ಕು ಸಣ್ಣ ಚಮಚ ಸಕ್ಕರೆ ಬೆರೆಸಿ ಸ್ವಲ್ಪ ಸ್ವಲ್ಪ ಕೊಡಿ. ನುಂಗಲು ಆಗದ ಮಗುವಿನ ಬಾಯಿಗೆ ಏನೂ ಹಾಕಬೇಡಿ, ಡ್ರಿಪ್‌ನಲ್ಲಿ ಗ್ಲೂಕೋಸ್ ಕೊಡಿ. ಎಳೆಕೂಸನ್ನು ತಾಯಿಯ ಎದೆಗೆ ಅಂಟಿಸಿ ಬೆಚ್ಚಗೆ ಸುತ್ತಿ. 108ಕ್ಕೆ ಕರೆ ಮಾಡಿ. ಅಲ್ಲಿನ ವೈದ್ಯರಿಗೂ ಫೋನ್ ಮಾಡಿ, "ಹೀಗೊಂದು ಮಗು ಬರ್ತಿದೆ" ಅಂತ ತಿಳಿಸಿ.

ಚೀಟಿಯಲ್ಲಿ ತೂಕ, ಜ್ವರದ ಎಷ್ಟನೇ ದಿನ, ಉಸಿರಿನ ಎಣಿಕೆ, ಆಕ್ಸಿಜನ್, ಕೊಟ್ಟ ಔಷಧಿ, ಕೊಟ್ಟ ಗಂಟೆ ಬರೆಯಿರಿ. ಅದನ್ನು ಆಂಬ್ಯುಲೆನ್ಸ್ ಸಿಬ್ಬಂದಿಯ ಕೈಗೆ ಕೊಡಿ. ತಾಯಿಯ ಫೋನಿನಲ್ಲೂ ಅದರ ಒಂದು ಫೋಟೊ ತೆಗೆದಿಡಿ. ಸಂಜೆ ಕ್ಲಿನಿಕ್ ಮುಚ್ಚುವ ಮೊದಲು ಆ ಮನೆಗೆ ಒಂದು ಫೋನ್ ಮಾಡಿ, ಮಗು ಹೇಗಿದೆ ಅಂತ ಕೇಳಿ.